ಹನ್ನೆರಡು ನಿಮಿಷ ತಡವಾದದ್ದರ ಕುರಿತು

ಇಂದ:
ರಕ್ತದ ಬಣ್ಣ ಅಳೆಯುವ ಪ್ರಯೋಗಾಲಯದ ಹಿರಿಯ ಸಹಾಯಕ,
ಸದ್ಯ ಮನೆಯಲ್ಲಿ ಒಬ್ಬನೇ ಇರುವ ಗಂಡ

ಗೆ:
ನೂಲಿಗೆ ಬಣ್ಣ ಹಾಕುವವರು ಹಾಗೂ ಅರ್ಜಿದಾರನ ಹೆಂಡತಿ,
ಹಾಲಿ ವಾಸ: ಅವರ ಅಕ್ಕನ ಮನೆ

ವಿಷಯ: ಮನೆಗೆ ಮರಳಿ ಬರುವಂತೆ ಕೋರಿ.

ಉಲ್ಲೇಖ: ಆಸ್ಪತ್ರೆಯ ಹಾಸಿಗೆಯಿಂದ ತಾವು ಕೇಳಿದ ಪ್ರಶ್ನೆ, ಅರ್ಜಿದಾರ ಕೊಡದೆ ನುಂಗಿಕೊಂಡ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರ ತಲೆ ತಗ್ಗಿಸಿಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಕಳೆದ ಸೋಮವಾರ ಸಂಜೆ, ಪ್ರಯೋಗಕ್ಕೆ ರಕ್ತ ಕೊಡುವವರು ಯಾರೂ ಸಿಗದ ಕಾರಣ, ಅರ್ಜಿದಾರ ತಮ್ಮ ಮುಂದೆ ಸೂಜಿ ಹಿಡಿದು ನಿಂತಿದ್ದ. ಎರಡು ವಾರದಿಂದ ತಲೆ ಸಿಡಿಯುತ್ತಿದೆ ಎನ್ನುತ್ತಿದ್ದ ತಾವು ತೋಳು ಚಾಚಿ, ಬರುವಾಗ ಒಂದು ಮಾತ್ರೆ ತನ್ನಿ ಎಂದಿದ್ದಿರಿ. ಅರ್ಜಿದಾರ ರಕ್ತ ಒಯ್ದ, ಮಾತ್ರೆ ಮರೆತ.

2. ರಕ್ತವನ್ನು ಕೆಂಪಾಗಿಸುವ ಹೀಮ್ ಪ್ರೋಟೀನು ಬೆಳಕನ್ನು ಹೀರುವಾಗ ಯಂತ್ರದ ನಕ್ಷೆಯಲ್ಲಿ ಎರಡು ಗುಡ್ಡ ಮೂಡುತ್ತವೆ. ಆಮ್ಲಜನಕ ಕಸಿಯುವ ಬಿಳಿ ಪುಡಿ ಹಾಕಿದರೆ ಅವೆರಡೂ ಕೂಡಿ ಒಂದಾಗಬೇಕು. ತಮ್ಮ ರಕ್ತದಲ್ಲಿ ಆಗಲಿಲ್ಲ. ಅರ್ಜಿದಾರ ಹೊಸ ಪುಡಿ ತರಿಸಿದ, ಗಾಜಿನ ಕೋಶ ಉಜ್ಜಿ ತೊಳೆದ, ಆಮ್ಲ ಬದಲಿಸಿದ, ಕ್ಷಾರ ಬದಲಿಸಿದ. ಹಿಂದೆ ತೆಗೆದಿಟ್ಟ ಊರವರ ರಕ್ತವೆಲ್ಲ ಹೇಳಿದಂತೆ ಕೇಳಿತು, ತಮ್ಮದು ಜಪ್ಪಯ್ಯ ಅಂದರೂ ಕದಲಲಿಲ್ಲ. ಆದ್ದರಿಂದ ದಾಖಲೆ ಪುಸ್ತಕದಲ್ಲಿ "ಮಾದರಿ ಕೆಟ್ಟಿದೆ, ಕೊಟ್ಟವರದೇ ದೋಷ" ಎಂದು ಬರೆದು ಸಹಿ ಹಾಕಿದ. ಸಾಲದ್ದಕ್ಕೆ ಬುಧವಾರ ಮನೆಗೆ ಬಂದು ತಮ್ಮೆದುರೂ ಅದನ್ನೇ ಹೇಳಿದ.

3. ತಾವು ಹಣೆ ಒತ್ತಿಕೊಳ್ಳುತ್ತಲೇ ಹೇಳಿದಿರಿ: "ನೂಲು ಬಣ್ಣ ಹಿಡೀಲಿಲ್ಲ ಅಂದ್ರೆ ನಾನು ನೂಲನ್ನ ಬೈಯಲ್ಲ ಕಣ್ರೀ. ಅದು ಮೊದ್ಲೇ ಬೇರೇನು ಹಿಡ್ಕೊಂಡಿದೆ ಅಂತ ನೋಡ್ತೀನಿ."

4. ಆ ಮಾತು ಅರ್ಜಿದಾರನ ಮಂಡೆಗೆ ಹೊಕ್ಕಿದ್ದು ಗುರುವಾರ ಬೆಳಗ್ಗೆ. ಉಳಿದಿದ್ದ ತಮ್ಮ ರಕ್ತದ ಹೊಸ ನಕ್ಷೆ ತೆಗೆದು, ಕೈಪಿಡಿಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ವಿಷದ ನಕ್ಷೆಯ ಮೇಲಿಟ್ಟ. ಗುಡ್ಡದ ಮೇಲೆ ಗುಡ್ಡ ಕೂತಿತು. ಆ ಅನಿಲ ಒಮ್ಮೆ ಹಿಡಿದುಕೊಂಡರೆ ಪುಡಿಗಿಡಿಗೆಲ್ಲ ಜಗ್ಗುವುದಿಲ್ಲ. ತಾವು ಬಣ್ಣದ ನೀರಿಗೆಂದು ಮನೆಯ ಕೋಣೆಯೊಂದರಲ್ಲಿ ದಿನವಿಡೀ, ಗಾಳಿಯಾಡದಿದ್ದರೆ ಅದೇ ಅನಿಲ ಉಗುಳುವ ಗ್ಯಾಸ್ ಗೀಸರ್ ಉರಿಸುವವರು. ಆ ಕೋಣೆಯ ಗವಾಕ್ಷಿಗೆ, ಅಲ್ಲೇ ಇಡುವ ತನ್ನ ಕಾಗದಗಳು ಹಾರುತ್ತವೆಂಬ ಕಾರಣಕ್ಕೆ, ರಟ್ಟಿಟ್ಟು ಟೇಪು ಮೆತ್ತಿದ ಮಹಾನುಭಾವ ಇದೇ ಅರ್ಜಿದಾರ.

5. ಆ ನಕ್ಷೆ ಮುಗಿದದ್ದು 11.04ಕ್ಕೆ. ಮೂರು ಸಲ ಅಳೆಯದೆ ಏನನ್ನೂ ನಂಬಬಾರದೆಂಬುದು ಪ್ರಯೋಗಾಲಯದ ಪದ್ಧತಿ, ಅರ್ಜಿದಾರನಿಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಎರಡನೆಯದನ್ನು ತೆಗೆದ, ಮೂರನೆಯದನ್ನೂ ತೆಗೆದ. ತಮಗೆ ಫೋನ್ ಮಾಡಿದ್ದು 11.16ಕ್ಕೆ. ತಾವು ಎತ್ತಲಿಲ್ಲ. ಬಿದ್ದೆನೋ ಎದ್ದೆನೋ ಎಂದು ಓಡಿ ಬಂದಾಗ ತಾವು ಬಣ್ಣದ ಬಕೆಟ್ಟಿನ ಪಕ್ಕ ಬಿದ್ದಿದ್ದಿರಿ. ಉಸಿರಿತ್ತು. ಅರ್ಜಿದಾರ ಅಷ್ಟು ಹೆದರಿದ್ದು ಜನ್ಮದಲ್ಲಿಲ್ಲ.

6. ಮರುದಿನ ಆಸ್ಪತ್ರೆಯಲ್ಲಿ ತಾವು ಎದ್ದು ಕೂತ ಖುಷಿಯಲ್ಲಿ ಬುದ್ಧಿ ಕೈಕೊಟ್ಟು, ಮೂರೂ ನಕ್ಷೆಗಳನ್ನು ಡಾಕ್ಟರ ಮುಂದೆ ಹರಡಿ ಜಂಬ ಕೊಚ್ಚಿಕೊಂಡ. ಒಂದೊಂದು ನಕ್ಷೆಯ ಮೂಲೆಯಲ್ಲೂ ಹೊತ್ತು ಅಚ್ಚಾಗಿತ್ತು. ತಾವು ಅದನ್ನೂ ನೋಡಿದಿರಿ, ತಮ್ಮ ಫೋನಿನಲ್ಲಿ ಕರೆ ಬಂದ ಹೊತ್ತನ್ನೂ ನೋಡಿದಿರಿ. "ಮೊದಲನೇ ಸಲಾನೇ ಗೊತ್ತಾಗಿತ್ತಲ್ಲ. ಆಮೇಲೆ ಎರಡು ಸಲ ಯಾಕ್ರೀ?" ಪದ್ಧತಿ ಎನ್ನಲು ಅರ್ಜಿದಾರ ಬಾಯಿ ತೆರೆದು, ಮುಚ್ಚಿಕೊಂಡ. ತಾವು ಅಲ್ಲಿಂದ ನೇರ ಅಕ್ಕನ ಮನೆಗೆ ಹೋದಿರಿ.

7. ಸದರಿ ಪ್ರಶ್ನೆಗೆ ಉತ್ತರ: ಎರಡನೇ ಸಲವಾದರೂ ಅದು ಸುಳ್ಳಾಗಲಿ ಎಂಬ ಆಸೆ. ಮೂರನೇ ಸಲವೂ ಅದೇ ಆಸೆ. ಇದು ಸಮರ್ಥನೆಯಲ್ಲ. ಎರಡು ವಾರ ತಾವು ಬಾಯಿಬಿಟ್ಟು ಹೇಳಿದ ತಲೆನೋವನ್ನು ಒಂದು ಸಲವೂ ನಂಬದವನಿಗೆ ಸಮರ್ಥನೆ ಎಲ್ಲಿಂದ ಬರಬೇಕು?

ಆದ್ದರಿಂದ, ಗೀಸರ್ ಕಿತ್ತು ಹಾಕಿರುವ ಕಾರಣ, ಗವಾಕ್ಷಿ ತೆರೆದಿರುವ ಕಾರಣ, ಮತ್ತು ತಾವಿಲ್ಲದೆ ಈ ಮನೆಯಲ್ಲಿ ಇರಲಾಗದ ಕಾರಣ, ತಾವು ದಯವಿಟ್ಟು ಮರಳಿ ಬರಬೇಕೆಂದು ಕೋರಿಕೆ.

ಈಗಲೂ ತಮ್ಮವನೇ ಎಂದುಕೊಂಡಿರುವ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತುಗಳು:
ಅ. ಮೊದಲ ನಕ್ಷೆ. (ಉಳಿದೆರಡನ್ನು ಹರಿದು ಹಾಕಲಾಗಿದೆ.)
ಆ. ದಾಖಲೆ ಪುಸ್ತಕದ ಪುಟ. "ಕೊಟ್ಟವರದೇ" ಎಂಬುದನ್ನು ಹೊಡೆದು "ತೆಗೆದುಕೊಂಡವನದೇ" ಎಂದು ತಿದ್ದಿ ಸಹಿ ಮಾಡಿದ್ದು.
ಇ. ತಲೆನೋವಿನ ಮಾತ್ರೆ, ಒಂದು.

ವಿ.ಸೂ.: ಬರುತ್ತೇನೆ ಎಂದು ತಾವು ಒಂದು ಸಲ ಅಂದರೆ ಸಾಕು, ಅರ್ಜಿದಾರ ನಂಬುತ್ತಾನೆ. ಬರುವುದಿಲ್ಲ ಎಂದಾದರೆ, ಅದನ್ನು ಮಾತ್ರ ಮೂರು ಸಲ ಪರಿಶೀಲಿಸಿ ತಿಳಿಸಬೇಕಾಗಿ ವಿನಂತಿ.