ಛೇದ ಬೇರೆ, ಎದೆ ಡವಡವ

ಮಕ್ಕಳ ಮುಂದೆ ಮರ್ಯಾದೆ ಹೋಗುವ ಪ್ರಸಂಗಗಳು ಟೀಚರುಗಳನ್ನು ಹುಡುಕಿಕೊಂಡೇ ಬರುತ್ತವೆ. ನನಗಂತೂ ಅವು ವರ್ಷಕ್ಕೊಮ್ಮೆ, ಭಿನ್ನರಾಶಿ ಪಾಠದ ಹೊತ್ತಿಗೆ, ತಪ್ಪದೆ ಬರುತ್ತವೆ. ನಾನು ಓದಿದ್ದು ಇತಿಹಾಸ. ಗಣಿತದ ಮಾಸ್ತರರು ವರ್ಗವಾಗಿ ಹೋದಾಗ ಹೆಡ್ ಮಾಸ್ತರರು ಲೆಕ್ಕದ ಪುಸ್ತಕ ನನ್ನ ಕೈಗಿಟ್ಟರು. ಆವತ್ತಿನಿಂದ ನನಗೆ ಒಂದೇ ಹೆದರಿಕೆ: ಇವಳಿಗೆ ಲೆಕ್ಕ ಬರುವುದಿಲ್ಲ ಎಂದು ಯಾರಾದರೂ ಕಂಡುಹಿಡಿದುಬಿಟ್ಟರೆ?

ಅರ್ಧ ರೊಟ್ಟಿ

ಆಗ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿದ್ದೆ. ಮೊದಲ ದಿನವೇ ಅರ್ಧಕ್ಕೆ ಮೂರರಲ್ಲಿ ಒಂದನ್ನು ಕೂಡಿಸಬೇಕಿತ್ತು. ಮೇಲಿನ ಒಂದಕ್ಕೆ ಒಂದು ಕೂಡಿಸಿದೆ, ಕೆಳಗಿನ ಎರಡಕ್ಕೆ ಮೂರು ಕೂಡಿಸಿದೆ. ಐದರಲ್ಲಿ ಎರಡು ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನಮ್ಮವ್ವ ಅರ್ಧ ರೊಟ್ಟಿ ಕೊಟ್ಟು ಮ್ಯಾಲ ಮತ್ತೊಂದು ತುಂಡು ಹಾಕಿದ್ರ, ಅರ್ಧಕ್ಕಿಂತ ಕಮ್ಮಿ ಹೆಂಗ ಆಗ್ತದ್ರೀ?"

"ಕುಂದ್ರವ್ವಾ, ನಾಳಿ ಹೇಳ್ತೀನಿ" ಎಂದೆ. ಅವಳು ಕೂರುತ್ತ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು:

"ಟೀಚರ್ ಮನಿಗೆ ಊಟಕ್ಕ ಹೋಗಬ್ಯಾಡ ಬೇ. ಮತ್ತಷ್ಟು ನೀಡಿದ್ರ ಇದ್ದದ್ದೂ ಕಮ್ಮಿ ಆಗ್ತದ."

ಅಡುಗೆ ಕೋಣೆಯ ಪಾಠ

ಮಾನ್ವಿ ತಾಲ್ಲೂಕಿನ ಕಲ್ಲೂರಿಗೆ ವರ್ಗವಾಯಿತು. ಹೆದರಿಕೆಯೂ ಸಾಮಾನಿನ ಜೊತೆ ಬಸ್ಸು ಹತ್ತಿತು. ಒಂದು ದಿನ ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ಪುಸ್ತಕ ಹಿಡಿದು ಅಳುವಂತೆ ನಿಂತಿದ್ದೆ. ಬಿಸಿಯೂಟ ಮಾಡುವ ಅಮ್ಮ ಕೇಳಿದರು:

"ಯಾಕ್ರೀ ಟೀಚರ್, ಮಾರಿ ಹಂಗ ಮಾಡೀರಿ?"

"ಅರ್ಧಕ್ಕ ಕಾಲು ಕೂಡಿದ್ರ ಮುಕ್ಕಾಲು ಅಂತ ಗೊತ್ತದ ಯವ್ವಾ. ಹೆಂಗ ಅಂತ ಹುಡುಗ್ರಿಗೆ ಹೇಳಾಕ ಬರವಲ್ದು."

ಅವರು ಡಬ್ಬಿಯಿಂದ ಅರ್ಧ ಸೇರಿನ ಅಳತೆ ತುಂಬ ಬೇಳೆ ತೆಗೆದರು. ಅದನ್ನು ಕಾಲು ಸೇರು ಹಿಡಿಯುವ ಪಾವಿಗೆ ಸುರಿದು ಅಳೆದರು. "ನೋಡ್ರಿ, ಅರ್ಧ ಸೇರು ಅಂದ್ರ ಎರಡು ಪಾವು. ಮ್ಯಾಲ ಒಂದು ಪಾವು. ಮೂರು ಪಾವು ಆತಿಲ್ಲ? ಮೊದಲ ಎಲ್ಲಾ ಒಂದೇ ಅಳತಿಗೆ ತರಬೇಕು, ಆಮ್ಯಾಲ ಕೂಡಿಸಬೇಕು."

ಇಷ್ಟು ಸರಳವೇ! ಕಾಲಿಗೆ ಬೀಳುವುದೊಂದೇ ಬಾಕಿ. "ನೀವು ಎಷ್ಟನೇ ಕ್ಲಾಸ್ ತನಕ ಕಲ್ತೀರಿ ಯವ್ವಾ?" ಎಂದೆ.

"ಐದನೇ ಕ್ಲಾಸಿಗೆ ಬಿಟ್ಟೆ ನೋಡ್ರಿ. ಈ ಭಿನ್ನರಾಶಿಗೇ ಹೆದರಿ."

ಸಾಹೇಬರು ಬಂದರು

ರಾಯಚೂರಿನ ಶಾಲೆಗೆ ಬಂದ ವರ್ಷ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಬೇರೆ ಯಾವ ತರಗತಿಗೂ ಹೋಗದೆ ನೇರ ನನ್ನಲ್ಲಿಗೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು.

"ಭಿನ್ನರಾಶಿ ನಡಸ್ರಿ. ಛೇದ ಬ್ಯಾರೆ ಬ್ಯಾರೆ ಇರೋದು."

ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಕಂಡುಹಿಡಿಯುವವರು ಕೊನೆಗೂ ಬಂದರು ಎಂದುಕೊಂಡೆ. ನಾಲ್ಕರಲ್ಲಿ ಒಂದಕ್ಕೆ ಆರರಲ್ಲಿ ಒಂದು ಎಂದು ಬರೆದೆ. ನಾಲ್ಕರ ಮಗ್ಗಿ, ಆರರ ಮಗ್ಗಿ ಹೇಳಿಸಿದೆ. ಎರಡರಲ್ಲೂ ಮೊದಲು ಸಿಕ್ಕಿದ್ದು ಹನ್ನೆರಡು. ಹನ್ನೆರಡರಲ್ಲಿ ಮೂರು, ಹನ್ನೆರಡರಲ್ಲಿ ಎರಡು, ಕೂಡಿದರೆ ಹನ್ನೆರಡರಲ್ಲಿ ಐದು. ನಾನು ಒಂದು ಸಾಲು ಬರೆದರೆ ಸಾಹೇಬರು ಡೈರಿಯಲ್ಲಿ ಒಂದು ಸಾಲು ಬರೆಯುತ್ತಿದ್ದರು. ನಡುವೆ ಒಮ್ಮೆ "ತಡೀರಿ, ಅಳಸಬ್ಯಾಡ್ರಿ" ಎಂದು ಗದರಿದರು. ಡಸ್ಟರ್ ಕೆಳಗಿಟ್ಟೆ.

ಗಂಟೆ ಹೊಡೆದ ಮೇಲೆ ನನ್ನನ್ನು ವರಾಂಡದ ಮೂಲೆಗೆ ಕರೆದರು. ಆಚೆ ಈಚೆ ನೋಡಿ ಡೈರಿ ತೆರೆದರು. ವರದಿ ಇರಲಿಲ್ಲ. ನನ್ನದೇ ಲೆಕ್ಕ ಇತ್ತು, ನಾಲ್ಕು ಕಡೆ ಕಾಟು ಹೊಡೆದಿದ್ದರು.

"ಟೀಚರ್, ಆರರಾಗ ಒಂದು ಹೋಗಿ ಹನ್ನೆರಡರಾಗ ಎರಡು ಹೆಂಗ ಆತು, ಇನ್ನೊಮ್ಮಿ ಸಾವಕಾಶ ಹೇಳ್ರಿ. ಮಗಳು ಇದೇ ಹೋಂವರ್ಕ್ ತಂದಾಳ. ಮೀಟಿಂಗ್ ಅದ ಅಂತ ಸುಳ್ಳು ಹೇಳಿ, ಆಕಿ ಮಲಗಿದ ಮ್ಯಾಲ ನಾ ಮನಿಗೆ ಹೋಗಾಕತ್ತಿ ಮೂರು ದಿನ ಆತು!"