ಕತ್ತಲಲ್ಲಿ ಅಲುಗಿದ ತುಟಿ

ಆರನೇ ಮಗ್ಗದಾಕೆ ಅರ್ಧ ದಿನ ರಜೆ ಕೇಳಿದ್ದೇ ತಪ್ಪಾಯಿತು. ಮಗ್ಗಗಳ ಗದ್ದಲದಲ್ಲಿ ದನಿ ಕೇಳಿಸದ ಆ ಗಿರಣಿಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವವರು. "ಆ ಹಳೇ ಮೂಕಿ ಚಿತ್ರ ಮತ್ತೆ ಹಾಕಿದಾರಂತೆ, ಒಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಅವಳು ಮೇಸ್ತ್ರಿಗೆ ಹೇಳಿದ್ದನ್ನು ನಲವತ್ತು ಜನ ನಿಂತಲ್ಲಿಂದಲೇ ಓದಿಕೊಂಡರು.

ಕಾರಣವೂ ಅವರಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮಗ್ಗ ರಿಪೇರಿಯವನ ಜೊತೆ ಅವಳು ಇದೇ ಪ್ರೇಮಕಥೆ ನೋಡಲು ಹೋಗಿದ್ದಳು. ತೆರೆಯ ಮೇಲೆ ನಾಯಕ ರೈಲು ಹತ್ತುವಾಗ ಅವನು ಇವಳತ್ತ ತಿರುಗಿ ಏನೋ ಅಂದಿದ್ದ, ಗಿರಣಿಯ ಅಭ್ಯಾಸದಂತೆ, ದನಿಯಿಲ್ಲದೆ. ಕತ್ತಲಲ್ಲಿ ತುಟಿ ಅಲುಗಿದ್ದಷ್ಟೇ ಕಂಡಿತು. ನಾಚಿಕೆಯಿಂದ ಅವಳು ತಲೆ ತಗ್ಗಿಸಿದಳು. ಮರುವಾರ ಅವನು ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. ಆಮೇಲೆ ಬಂದ ಮೂರು ಸಂಬಂಧಗಳನ್ನೂ ಅವಳು ಬೇಡವೆಂದಳು. ಅವನು ಅಂದದ್ದು 'ಕಾದಿರು' ಎಂದೇ ಇದ್ದರೆ?

ಟಾಕೀಸಿನ ಬಾಗಿಲಲ್ಲಿ ಅರ್ಧ ಗಿರಣಿಯೇ ನಿಂತಿತ್ತು. ಎಲ್ಲರ ಮುಂದೆ, ಸುದ್ದಿ ಹಂಚುವುದರಲ್ಲಿ ಹೆಸರಾದ ರೇಡಿಯೊ ಅಕ್ಕ.

"ನಿಮಗೂ ರಜಾನಾ ಅಕ್ಕ?"

"ನನಗೆ ತಲೆನೋವು. ಇವರಿಗೆಲ್ಲ ಹೊಟ್ಟೆನೋವು. ಅದಿರಲಿ, ಅವನಿಗೂ ಫೋನ್ ಮಾಡಿದ್ದೆ. ಇನ್ನೂ ಮದುವೆ ಆಗಿಲ್ವಂತೆ ಕಣೆ. ಒಳಗೆ ಕೂತಿದಾನೆ, ನಡಿ."

ಅಕ್ಕ ಮಗ್ಗದೊಳಕ್ಕೆ ಲಾಳಿ ತೂರುವ ಹಾಗೆ ಅವಳನ್ನು ಅವನ ಪಕ್ಕದ ಕುರ್ಚಿಗೆ ತೂರಿದಳು. ಗಿರಣಿಯವರು ಹಿಂದಿನ ಎರಡು ಸಾಲು ಹಿಡಿದರು.

ಅವನ ಕೂದಲು ನರೆತಿತ್ತು. ಕೈಯಲ್ಲಿ ಈಗಲೂ ಮಗ್ಗದ ಎಣ್ಣೆಯ ವಾಸನೆ. ಆ ವಾಸನೆಗೇ ಅವಳ ಕಣ್ಣು ತುಂಬಿತು. ತೆರೆಯ ಮೇಲಿನ ಇಬ್ಬರಿಗೆ ಮಾತ್ರ ಒಂದು ದಿನವೂ ವಯಸ್ಸಾಗಿರಲಿಲ್ಲ.

ಮಧ್ಯಂತರದಲ್ಲಿ ದೀಪ ಹತ್ತಿತು, ಟಾಕೀಸಿನ ತುಂಬ ಗದ್ದಲ ಎದ್ದಿತು. ಅವಳು ಕೇಳಿಯೇಬಿಟ್ಟಳು.

"ಅವತ್ತು ನೀವು ಏನೋ ಅಂದ್ರಿ. ನನಗೆ ಕಾಣಲಿಲ್ಲ."

"ನಾನು 'ಏನಂದೆ' ಅಂತ ಕೇಳಿದೆ ಅಷ್ಟೆ. ಮೊದಲು ಮಾತಾಡಿದ್ದು ನೀನು. ಬಹಳ ಹೊತ್ತು ನಿನ್ನ ತುಟಿ ಅಲುಗ್ತಾ ಇತ್ತು." ಅವನ ದನಿ ಇಳಿಯಿತು. "ಈಗಲಾದ್ರೂ ಹೇಳು. ಏನಂದೆ?"

ಅವಳಿಗೆ ಥಟ್ಟನೆ ನೆನಪಾಯಿತು. ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಕಾದವನ ಮುಖ ನೋಡಿ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಕಡಲೆಕಾಯಿ ಹೊಟ್ಟು ಹಲ್ಲಿನ ಸಂದಿಗೆ ಸಿಕ್ಕಿತ್ತು. ಬಿಡಿಸ್ಕೊಳ್ತಾ ಇದ್ದೆ."

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಹೊರೆ ಇಳಿಸಿದವನಂತೆ ಬೆನ್ನು ನೆಟ್ಟಗೆ ಮಾಡಿದ.

"ಬದುಕಿಸಿದೆ ಮಾರಾಯ್ತಿ. ನೀನು ಏನೋ ಕೇಳ್ಕೊಂಡೆ, ನಾನು ಬಿಟ್ಟು ಬಂದೆ ಅನ್ನೋ ಅಳುಕಲ್ಲೇ ಇಷ್ಟು ವರ್ಷ ಒಂಟಿಯಾಗಿದ್ದೆ. ನಮ್ಮತ್ತಿಗೆ ಒಬ್ಬರನ್ನ ನೋಡಿಟ್ಟಿದಾರೆ. ಸಂಜೆನೇ ಹೂಂ ಅಂತೀನಿ."

ಬಸ್ಸಿಗೆ ಹೊತ್ತಾಯಿತೆಂದು ಅವನು ಎದ್ದು ಹೋದ. ಹಿಂದಿನಿಂದ ಅಕ್ಕನ ಕೈ ಇವಳ ಭುಜ ತಿವಿಯಿತು.

"ಏನಂದ ಕಣೆ? ನಮಗೆ ಬರೀ ಬೆನ್ನು ಕಾಣ್ತಿತ್ತು."

ಅವಳು ತಿರುಗಲಿಲ್ಲ.

"ಚಿತ್ರ ಚೆನ್ನಾಗಿದೆಯಂತೆ, ಅಕ್ಕ."