ಬೀಗ ಹಾಕಿದ ಕಮೋಡು ಮತ್ತು ನನ್ನ ತೊಡೆಯ ರಾಡು

ನಾನು ಸುಮ್ಮನಿದ್ದರೂ ಜಗಳ ನನ್ನನ್ನು ಹುಡುಕಿಕೊಂಡು ಬರುತ್ತದೆ. ಇಪ್ಪತ್ತೈದು ವರ್ಷದಿಂದ ಹೀಗೇ. ಗುಂಡ್ಲುಪೇಟೆಯಲ್ಲಿ ಕಚೇರಿಗಳ ಮುಂದೆ ಧರಣಿ ಕೂತು ಕೂತು, ಯಾವ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಎಂಬುದು ನನಗೆ ಬಾಯಿಪಾಠ. ಸ್ಕೂಲು ಏಳನೇ ಕ್ಲಾಸಿಗೇ ಮುಗಿಯಿತು. ಮಿಕ್ಕದ್ದೆಲ್ಲ ಸರ್ಕಾರಿ ಸುತ್ತೋಲೆ ಓದಿ ಕಲಿತದ್ದು. ಅದರಿಂದ ಕಲಿತ ಒಂದು ಪಾಠವನ್ನು ಜನಕ್ಕೂ ಕಲಿಸಿದ್ದೇನೆ: ಅಧಿಕಾರಿ ಬಾಯಲ್ಲಿ ಏನೇ ಹೇಳಲಿ, ಬರೆದು ಕೊಡುವವರೆಗೆ ಜಾಗ ಬಿಟ್ಟು ಕದಲಬೇಡಿ.

ಈ ಸಲದ ಜಗಳ ಮಲಗಿದಲ್ಲೇ. ರಸ್ತೆಯ ಗುಂಡಿ ಮುಚ್ಚಲಿಲ್ಲವೆಂದು ಅದರೊಳಗೆ ಬಾಳೆಕಂದು ನೆಟ್ಟು ಪ್ರತಿಭಟಿಸಿದ್ದೆ. ಗುಂಡಿ ಯಾರೂ ಮುಚ್ಚಲಿಲ್ಲ, ಬಾಳೆ ಮಾತ್ರ ಸೊಗಸಾಗಿ ಬಂತು. ಒಂದು ಸಂಜೆ ಅದನ್ನು ತಪ್ಪಿಸಲು ಹೋಗಿ ಬೈಕಿನಿಂದ ನಾನೇ ಬಿದ್ದೆ. ಬಲತೊಡೆಯ ಮೂಳೆ ಎರಡು ತುಂಡು. ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ರಾಡು ಹಾಕಿದರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೆದರಿಕೊಂಡಲ್ಲ, ಹೊಲಿಗೆ ಬಿಚ್ಚಬೇಕಾದವರು ಅವರೇ.

೧. ಮತ್ತಿನ ಘೋಷಣೆ

ಆಪರೇಷನ್ ಮುಗಿದು ಎಚ್ಚರವಾದಾಗ ಗಂಟಲು ಕಟ್ಟಿತ್ತು. ತಲೆದೆಸೆಯಲ್ಲಿ ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು.

"ಒಳ್ಗೆ ಏನ್ ಮಾಡುದ್ರಿ ಗೊತ್ತಾ? ಮತ್ತಲ್ಲಿ 'ಬೇಕೇ ಬೇಕು' ಅಂತ ಕೂಗುದ್ರಂತೆ!"

"ಜನ ಏನಂದ್ರು?" ಎಂದೆ. ಇನ್ನೂ ಮತ್ತು ಪೂರ್ತಿ ಇಳಿದಿರಲಿಲ್ಲ.

ನನ್ನ ಸ್ಟ್ರೆಚರ್ ತಳ್ಳಿಕೊಂಡು ಬಂದಿದ್ದ ಅಟೆಂಡರ್ ತಲೆ ಕೆರೆದುಕೊಂಡ. ಗುತ್ತಿಗೆ ನೌಕರ. ಕೆಲಸ ಕಾಯಂ ಮಾಡಿ ಎಂದು ಹಿಂದಿನ ವರ್ಷ ನನ್ನ ಪಕ್ಕದಲ್ಲೇ ಧರಣಿ ಕೂತಿದ್ದವನು.

"ನಾನು 'ನ್ಯಾಯ ಬೇಕು' ಅಂದ್ಬುಟ್ಟೆ ಕಣಣ್ಣ. ಬಾಯಿಗೆ ಅಭ್ಯಾಸ. ಡಾಕ್ಟ್ರು ಇಬ್ರನ್ನೂ ಒಂದ್ಸಲ ನೋಡುದ್ರು. 'ಮೊದ್ಲು ಮೂಳೆ ಕೂರುಸ್ತೀನಿ, ನ್ಯಾಯ ಆಮೇಲೆ ನೋಡನ' ಅಂದ್ರು."

೨. ಚಂದಕವಾಡಿಯ ಮಾವ

ಮಾರನೇ ದಿನ ಚಂದಕವಾಡಿಯಿಂದ ಹೆಂಡತಿಯ ಸೋದರಮಾವ ಬಂದರು. ಕೈಚೀಲದಲ್ಲಿ ಹಣ್ಣಿರಲಿಲ್ಲ. ಬಿದಿರಿನ ದಬ್ಬೆ, ಅರೆದ ಸೊಪ್ಪಿನ ಉಂಡೆ, ಹಳೇ ಪಂಚೆಯ ಪಟ್ಟಿ ಇದ್ದವು. ನಮ್ಮ ಕಡೆ ಮೂಳೆ ಮುರಿದರೆ ಮೊದಲು ನಾಟಿ ಕಟ್ಟು, ಆಸ್ಪತ್ರೆ ಏನಿದ್ದರೂ ಆಮೇಲೆ.

"ಯಾಕ್ಲಾ ಕುಯ್ಯುಸ್ಕೊಂಡೆ? ದಬ್ಬೆ ಕಟ್ಟಿದ್ರೆ ಇಪ್ಪತ್ತೊಂದ್ ದಿನಕ್ಕೆ ಓಡಾಡ್ತಿದ್ದೆ."

"ಮಾವ, ರಾಡು ಹಾಕ್ಬುಟ್ಟವ್ರೆ."

"ಇರ್ಲಿ ಬುಡು, ಅದ್ರ ಮೇಲೇ ಕಟ್ಟನ. ಯಾರೂ ನೋಡಾಕಿಲ್ಲ."

ಪೊಲೀಸರಿಗೆ ಇಲ್ಲ ಎಂದಿದ್ದೇನೆ, ಮಂತ್ರಿಗಳಿಗೆ ಇಲ್ಲ ಎಂದಿದ್ದೇನೆ. ಹೆಂಡತಿಯ ಸೋದರಮಾವನಿಗೆ ಇಲ್ಲ ಎನ್ನುವ ಗಂಡಸು ಚಾಮರಾಜನಗರ ಜಿಲ್ಲೆಯಲ್ಲಿ ಹುಟ್ಟಿಲ್ಲ. ಸದ್ದಿಲ್ಲದೆ, ಚೆನ್ನಾಗಿದ್ದ ಎಡಗಾಲನ್ನು ಹೊದಿಕೆಯಿಂದ ಹೊರಗೆ ಚಾಚಿದೆ. ಅವರು ಬೆವರು ಸುರಿಸಿಕೊಂಡು ಮೊಣಕಾಲಿನಿಂದ ಸೊಂಟದವರೆಗೆ ಬಿಗಿದರು. ಅಷ್ಟರಲ್ಲಿ ಸಿಸ್ಟರ್ ಬಂದರು.

"ಅಯ್ಯೋ, ಏನ್ ಯಜಮಾನ್ರೇ ಇದು? ಆಪರೇಷನ್ ಆಗಿರೋದು ಆ ಕಾಲಿಗಲ್ವಾ?"

ಮಾವ ಒಂದಿಷ್ಟೂ ಅಳುಕಲಿಲ್ಲ. ಕೊನೆಯ ಗಂಟು ಹಾಕಿ ಎದ್ದು ನಿಂತರು.

"ಗೊತ್ತು ಕಣಮ್ಮಿ. ಅದಂತೂ ನಿಮ್ ಕೈಲಿ ಕೆಟ್ಟೋಯ್ತು. ಇದಾದ್ರೂ ಗಟ್ಟಿಯಾಗಿರ್ಲಿ ಅಂತ."

೩. ಎದ್ದೇಳಿ

ಅದೇ ಸಂಜೆ ಡಾಕ್ಟರು ಎಡಗಾಲಿನ ದಬ್ಬೆ ಬಿಚ್ಚಿಸಿ, ಕಟ್ಟುನಿಟ್ಟಾಗಿ ಹೇಳಿದರು: "ನಾಳೆಯೊಳಗೆ ಎದ್ದು ಕಾಲೂರಲೇಬೇಕು. ಹೀಗೇ ಮಲಗಿದ್ರೆ ಕಾಲು ಬಿಗಿದುಹೋಗುತ್ತೆ, ಆಮೇಲೆ ನಡೆಯೋದು ಕಷ್ಟ."

ಫಿಸಿಯೋಥೆರಪಿಯ ಹುಡುಗಿ ವಾಕರ್ ತಂದು ಎದುರಿಗಿಟ್ಟಳು. ನಮ್ಮ ತಾಲ್ಲೂಕಿನ ಮದ್ದೂರಿನ ಕಾಡಂಚಿನಿಂದ ಜಿಲ್ಲಾ ಕಚೇರಿಯವರೆಗೆ ಜನರನ್ನು ಪಾದಯಾತ್ರೆಯಲ್ಲಿ ನಡೆಸಿದವನು ನಾನು. ಲಾಠಿಗೆ ಬೆನ್ನು ಕೊಟ್ಟಿದ್ದೇನೆ. ಆವತ್ತು ಮಂಚದ ಕೆಳಗಿನ ಬಿಳೀ ಟೈಲ್ಸ್ ನೋಡಿ ತೊಡೆ ನಡುಗಿತು, ರಾಡು ಸಮೇತ. ಕಾಲು ಹೋದರೆ ನಾನು ಹೋದ ಹಾಗೇ. ಹೊತ್ತು ತಂದು ಕೂರಿಸಿದ ಹೋರಾಟಗಾರನಿಗೆ ಯಾವ ಅಧಿಕಾರಿ ಹೆದರುತ್ತಾನೆ? ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಆಗುತ್ತದೆಯೇ? ಗದರಿಸಿದೆ.

"ನಾನು ಬೀಳಲ್ಲ ಅಂತ ಬರೆದು ಕೊಡಮ್ಮ. ಆಮೇಲೆ ಏಳ್ತೀನಿ."

"ಎದ್ದೇಳದಿದ್ರೆ ಏನಾಗುತ್ತೆ ಅಂತ ಬರೆದು ಕೊಡ್ಲಾ ಸರ್?" ಎಂದಳು ಆಕೆ.

ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮೈಕ್ ಇಡ್ಕಂಡು ಊರ್ಗೆಲ್ಲ 'ಎದ್ದೇಳಿ, ಎದ್ದೇಳಿ' ಅಂತೀರಿ. ನೀವ್ ಎದ್ದೇಳಕ್ಕೆ ಏನ್ ದಾಡಿ?"

ಇಡೀ ವಾರ್ಡು ನಕ್ಕಿತು. ಪಕ್ಕದ ಮಂಚದವನಿಗೆ ಪಕ್ಕೆಲುಬು ಮುರಿದಿತ್ತು. ನಕ್ಕರೆ ಪ್ರಾಣ ಹೋಗುತ್ತದೆ ಎನ್ನುತ್ತಿದ್ದವನು, ಹೋದರೆ ಹೋಗಲಿ ಎಂದು ನಕ್ಕ.

೪. ಬೀಗ

ಮೂರನೇ ದಿನ ಬೆಳಿಗ್ಗೆ ಬೆಡ್‌ಪ್ಯಾನ್ ತಂದರು. ಎರಡು ದಿನದಿಂದ ಅದನ್ನು ವಾಪಸ್ ಕಳಿಸುತ್ತಲೇ ಇದ್ದೆ. ಹೊಟ್ಟೆ ಕಲ್ಲಾಗಿತ್ತು. ರಾಡು ಹಾಕಿದ ಕಾಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಕಮೋಡೇ ಬೇಕು. ವಾರ್ಡಿಗೆ ಇದ್ದದ್ದು ಒಂದು ಕಮೋಡು. ಅದರ ಬಾಗಿಲಿಗೆ ಬೀಗ. ಸೂಪರ್‌ವೈಸರನ್ನು ಕರೆಸಿ ಕೇಳಿದೆ.

"ಅದು ಇನ್‌ಸ್ಪೆಕ್ಷನ್‌ಗೆ ಸರ್. ಮೇಲಿನವ್ರು ಬಂದಾಗ ಕ್ಲೀನಾಗಿ ಕಾಣ್ಬೇಕಲ್ಲ?"

"ಮೇಲಿನವ್ರ ತೊಡೆ ಮುರ್ದದಾ?"

"ಇಲ್ಲ ಸರ್."

"ಮೂಳೆ ಮುರ್ದೋರ್ಗೆ ಬೆಡ್‌ಪ್ಯಾನು, ನೋಡಿ ಓಗೋರ್ಗೆ ಕಮೋಡಾ?"

ಆಮೇಲೆ ನನಗೆ ನನ್ನ ಪರಿವೆಯೇ ಇರಲಿಲ್ಲ. "ಬೇಕೇ ಬೇಕು!" ಎಂದೆ. ಬಾಗಿಲಲ್ಲಿದ್ದ ಅಟೆಂಡರ್ "ಕಮೋಡು ಬೇಕು!" ಎಂದ. ಕಾಲು ಮುರಿದವರು ವಾಕರ್ ಕುಟ್ಟಿದರು, ಕೈ ಮುರಿದವರು ಇನ್ನೊಂದು ಕೈಯಲ್ಲಿ ತಟ್ಟೆ ಬಡಿದರು. ಹೆಂಡತಿ ಕೂಡ ಕೂಗಿದಳು. ಎರಡು ದಿನದಿಂದ ನನ್ನ ಹೊಟ್ಟೆಯ ಚಿಂತೆ ಅವಳದೇ ಆಗಿತ್ತು. ಸೂಪರ್‌ವೈಸರ್ ಓಡಿಹೋಗಿ ಕೀಲಿ ತಂದ. ಬೀಗ ಬಿಚ್ಚುವುದನ್ನು ಕಣ್ಣಾರೆ ನೋಡದೆ ನಾನು ನಂಬುವವನಲ್ಲ. ಅವನ ಹೆಗಲ ಹಿಂದೆ ನಿಂತು ನೋಡಿದೆ.

"ಸರ್," ಎಂದಳು ಫಿಸಿಯೋಥೆರಪಿಯ ಹುಡುಗಿ. ತಿರುಗಿದೆ. ನನ್ನ ಮಂಚ ಹದಿನಾಲ್ಕು ಹೆಜ್ಜೆ ಹಿಂದಿತ್ತು. ಕೈಯಲ್ಲಿ ವಾಕರ್ ಇತ್ತು. ನಾನು ನಡೆದಿದ್ದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣೊರೆಸಿಕೊಳ್ಳುವ ಕೆಲಸ ನನಗೂ ಇತ್ತು.

ಆಮೇಲೆ ಕೂತೆ. ಹೊರಗೆ "ಹೋರಾಟಕ್ಕೆ ಜಯವಾಗಲಿ!" ಇಡೀ ವಾರ್ಡು ಬಾಗಿಲಿಗೆ ಬಂದು ನಿಂತಿತ್ತು. ಅಷ್ಟು ಜನ ಹೊರಗೆ ಜೈಕಾರ ಹಾಕುತ್ತಿದ್ದರೆ ಒಳಗೆ ಕೂತವನಿಗೆ ಕೆಲಸವಾಗುತ್ತದೆಯೇ? ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಘೋಷಣೆ ಏರಿತು, ನನ್ನದು ಅಲ್ಲೇ ನಿಂತಿತು. ಕೊನೆಗೆ, ಜನ್ಮದಲ್ಲಿ ಮೊದಲ ಸಲ, ಆ ಮಾತು ನನ್ನ ಬಾಯಿಂದಲೇ ಬಂತು.

"ಹೋರಾಟ ವಾಪಸ್ ತಗಂಡಿದ್ದೀನಿ ಕಣ್ರಯ್ಯಾ! ಎಲ್ಲಾ ಓಗಿ!"

ಘೋಷಣೆ ನಿಂತಿತು. ಆಮೇಲೆ ಅಟೆಂಡರ್‌ನ ದನಿ, ನಾನೇ ತರಬೇತಿ ಕೊಟ್ಟ ದನಿ:

"ಬಾಯ್ಮಾತಲ್ಲಿ ಒಪ್ಪಾಕಿಲ್ಲ ಕಣಣ್ಣ. ಬರೆದು ಕೊಡಿ, ಓಯ್ತೀವಿ."

ಬಾಗಿಲ ಸಂದಿನಿಂದ ಒಂದು ಹಾಳೆ, ಒಂದು ಪೆನ್ನು ಒಳಗೆ ಬಂದವು. ಕೂತಲ್ಲೇ ಬರೆದು ಸಹಿ ಹಾಕಿ ಕೊಟ್ಟೆ.